ಹದಿನಾರು ನೂರರ ಹೊಸ್ತಿಲು

ತಿಂಗಳ ಒಂದನೆಯ ತಾರೀಖು ನಮ್ಮ ಮನೆಗೆ ಮೊದಲು ಬರುತ್ತಿದ್ದುದು ಹಾಲಿನ ಲೆಕ್ಕ. ಈಗ ಅದಕ್ಕೂ ಮೊದಲು ಇನ್ನೊಂದು ಲೆಕ್ಕ ಬಂದು ಕುಳಿತಿರುತ್ತದೆ. ವಿಜಯನಗರದ ನಮ್ಮ ಮನೆಯಲ್ಲಿ ಹನ್ನೆರಡು ವರ್ಷದ ಮಗನಿದ್ದಾನೆ. ಅವನಿಗೆ ಚದುರಂಗದ ಹುಚ್ಚು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆ ಅಂದು ತನ್ನ ರೇಟಿಂಗ್ ಪಟ್ಟಿಯನ್ನು ಪ್ರಕಟಿಸುತ್ತದೆ. ಮೊದಮೊದಲು ವರ್ಷಕ್ಕೊಮ್ಮೆ ಹೊರಬರುತ್ತಿದ್ದ ಪಟ್ಟಿ 2012ರ ಜುಲೈಯಿಂದ ತಿಂಗಳಿಗೊಮ್ಮೆ ಬರುತ್ತಿದೆ. ಮಗನು ಹಲ್ಲುಜ್ಜುವ ಮೊದಲೇ ಫೋನನ್ನು ಕಸಿದುಕೊಂಡು ತನ್ನ ಹೆಸರಿನ ಮುಂದಿನ ನಾಲ್ಕು ಅಂಕಿಗಳನ್ನು ನೋಡುತ್ತಾನೆ. ನಿಜ ಹೇಳಬೇಕೆಂದರೆ, ಅವನಿಗಿಂತ ಮೊದಲು ನಾನೇ ಕದ್ದು ನೋಡಿರುತ್ತೇನೆ.

ಈ ಲೆಕ್ಕದ ಮೂಲಪುರುಷರು ಆರ್ಪಾಡ್ ಏಲೊ. ಹಂಗೇರಿಯಲ್ಲಿ 1903ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕೆಯನ್ನು ಸೇರಿ, ಮಿಲ್ವಾಕಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರ ಕ್ರಮವನ್ನು ಅಮೆರಿಕೆಯ ಚದುರಂಗ ಸಂಸ್ಥೆ 1960ರಲ್ಲಿಯೂ ಫಿಡೆ 1970ರಲ್ಲಿಯೂ ಅಂಗೀಕರಿಸಿದವು. ಛಂದಸ್ಸಿನ ಮಾತ್ರೆಗಳನ್ನು ಎಣಿಸುವುದರ ಹೊರತು ಬೇರೆ ಲೆಕ್ಕವರಿಯದ ಕನ್ನಡ ಮೇಷ್ಟರಾದ ನನಗೂ ಇದರ ತಿರುಳು ತಿಳಿಯಿತು. ಇಬ್ಬರ ಅಂಕಗಳ ಅಂತರವನ್ನು ನೋಡಿ ಯಾರಿಂದ ಎಷ್ಟನ್ನು ನಿರೀಕ್ಷಿಸಬಹುದೆಂದು ಮೊದಲೇ ಗೊತ್ತುಮಾಡುತ್ತಾರೆ. ಸಮಾನರಾದರೆ ಅರ್ಧ ಅರ್ಧ. 200 ಅಂಕ ಮೇಲಿರುವವನಿಂದ ನೂರಕ್ಕೆ 76 ಪಾಲು. ನಿರೀಕ್ಷೆಯನ್ನು ಮೀರಿದರೆ ಏರಿಕೆ, ಮುಟ್ಟದಿದ್ದರೆ ಇಳಿಕೆ. ಆ ವ್ಯತ್ಯಾಸವನ್ನು ಒಂದು ಗುಣಕದಿಂದ ಗುಣಿಸುವರು: 2300ಕ್ಕಿಂತ ಕೆಳಗಿರುವ, ಹದಿನೆಂಟರೊಳಗಿನ ಮಕ್ಕಳಿಗೆ 40; 2400 ಮುಟ್ಟದ ಹಳಬರಿಗೆ 20; ಒಮ್ಮೆ ಮುಟ್ಟಿದವರಿಗೆ 10.

ಕೆಂಗೇರಿಯಿಂದ ಬಸ್ಸು ಹತ್ತಿ ಬಂದು ಆಡುವ ನಿವೃತ್ತ ಗುಮಾಸ್ತರೊಬ್ಬರನ್ನು ಬಸವೇಶ್ವರನಗರದ ಪಂದ್ಯಗಳಲ್ಲಿ ಕಾಣುತ್ತೇನೆ. ತಮಗಿಂತ 200 ಅಂಕ ಕೆಳಗಿನ ಪೋರನಿಗೆ ಅವರು ಸೋತರೆ ಅವರದು 15 ಹೋಗುತ್ತದೆ. ಪೋರನಿಗೆ 30 ಬರುತ್ತದೆ. “ನನ್ನ ಜೇಬಿನಿಂದ ಹದಿನೈದು ಹೋಗಿ ಅವನ ಜೇಬಿಗೆ ಮೂವತ್ತು ಬೀಳುವುದೆಂದರೆ, ಇದು ಯಾವ ಊರಿನ ಬ್ಯಾಂಕು ಸ್ವಾಮಿ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಇದಕ್ಕಿಂತಲೂ ಸೋಜಿಗದ ಬ್ಯಾಂಕು 2024ರ ಮಾರ್ಚ್ 1ರಂದು ತೆರೆಯಿತು. ಮಕ್ಕಳು ತಮ್ಮ ಅಂಕಗಳಿಗಿಂತ ವೇಗವಾಗಿ ಬೆಳೆಯುತ್ತಿದ್ದುದರಿಂದ ಕೆಳಗಿನ ರೇಟಿಂಗುಗಳೆಲ್ಲ ನಿಜವಾದ ಬಲಕ್ಕಿಂತ ಕುಗ್ಗಿದ್ದವು. ಫಿಡೆ 2000ಕ್ಕಿಂತ ಕೆಳಗಿನವರೆಲ್ಲರಿಗೂ, 2000ಕ್ಕೆ ಎಷ್ಟು ಕೊರತೆಯೋ ಅದರ ನೂರಕ್ಕೆ ನಲವತ್ತನ್ನು ಒಂದೇ ಸಲ ಕೂಡಿಸಿತು. ಪಟ್ಟಿಯ ತಳಮಟ್ಟವನ್ನು 1000ದಿಂದ 1400ಕ್ಕೆ ಏರಿಸಿತು. ಫೆಬ್ರವರಿ 29ರ ರಾತ್ರಿ 1240 ಆಗಿ ಮಲಗಿದ ನನ್ನ ಮಗ ಬೆಳಗ್ಗೆ 1544 ಆಗಿ ಎದ್ದ. ಒಂದು ಪದಾತಿಯನ್ನೂ ಸರಿಸದೆ 304 ಅಂಕ! ಅವನ ಅಜ್ಜಿ ಕೇಸರಿಬಾತು ಮಾಡಿದರು.

ಆದರೆ ಅಂಕವೆಂಬುದು ಬರಿಯ ಅಳತೆಗೋಲಲ್ಲ, ಬಾಗಿಲ ಚೀಟಿಯೂ ಹೌದು. ಮೇಲಿನ ಬಾಗಿಲುಗಳನ್ನು ದಾಟಲು ಎಲ್ಲರಿಗೂ ತವಕ. ಮೈಸೂರಿನ ತೇಜಕುಮಾರರು 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರುಮೇನಿಯದ ಮಮಾಯಾದಲ್ಲಿ 2500ರ ಗಡಿ ದಾಟಿ ಅದೇ ಬಿರುದಿಗೆ ಅರ್ಹನಾದಾಗ ಅವನಿಗೆ ಹದಿನೈದು ವರ್ಷ. ಕೆಳಗಿನ ಬಾಗಿಲ ಕಥೆಯೇ ಬೇರೆ. “1600ಕ್ಕಿಂತ ಕೆಳಗಿನವರಿಗೆ ಮಾತ್ರ” ಎಂಬ ಪಂದ್ಯಗಳುಂಟು. ಬಹುಮಾನದ ಹಣವೂ ದೊಡ್ಡದು. ಯಾವ ತಿಂಗಳ ಪಟ್ಟಿಯನ್ನು ನೋಡಿ ಒಳಗೆ ಬಿಡುವರೆಂಬುದನ್ನು ಆಯೋಜಕರ ಪ್ರಕಟಣೆಯಲ್ಲಿ ಓದಿಕೊಳ್ಳಬೇಕು. ಅಲ್ಲಿ 1599 ಆದವನು ಭಾಗ್ಯವಂತ. 1600 ಆದವನು ಹೊರಗೆ. ಆ ಹೊಸ್ತಿಲನ್ನು ದಾಟುವುದಕ್ಕೆ ಮಕ್ಕಳಿಗೆ ಹೆದರಿಕೆಯಿಲ್ಲ. ಹೆದರುವವರು ನಾವು.

ಕಳೆದ ವರ್ಷ ಮಗನ ಅಂಕ 1588ಕ್ಕೆ ಬಂದಿತ್ತು. ಮುಂದಿನ ತಿಂಗಳು ಅಂತಹದೊಂದು ದೊಡ್ಡ ಪಂದ್ಯ. ಅದಕ್ಕೂ ಮೊದಲು ರಾಜಾಜಿನಗರದಲ್ಲಿ ಮೂರು ದಿನದ ಚಿಕ್ಕ ಪಂದ್ಯ. ಚಿಕ್ಕದರಲ್ಲಿ ಅವನು ಸಮಾನನೊಬ್ಬನನ್ನು ಗೆದ್ದರೂ ಸಾಕು, 20 ಕೂಡಿ 1608 ಆಗಿ ದೊಡ್ಡದರ ಬಾಗಿಲು ಮುಚ್ಚುತ್ತದೆ. ನಾನು ಕಾಗದದಲ್ಲಿ ಕೂಡಿ ಕಳೆದು ನೋಡಿ, “ಪರೀಕ್ಷೆ ಹತ್ತಿರ ಬಂತು, ಈ ಬಾರಿ ಬೇಡ” ಎಂದೆ.

ಅವನು ಆ ಕಾಗದವನ್ನು ನೋಡಿದ್ದನೆಂದು ತೋರುತ್ತದೆ. “ಹೋಗಿ ಕೊನೆಯ ಎರಡು ಆಟ ಸೋತು ಬರಲೇ ಅಪ್ಪಾ?” ಎಂದ. ಅಂಗಡಿಯಿಂದ ಮೊಸರು ತರಲೇ ಎಂದು ಕೇಳುವ ದನಿ ಅದು. ತರಗತಿಯಲ್ಲಿ ಹರಿಶ್ಚಂದ್ರನನ್ನು ಪಾಠ ಹೇಳುವವನು ನಾನು. ಅಂದು ರಾತ್ರಿ ಊಟ ಸೇರಲಿಲ್ಲ.

ಬೆಳಗ್ಗೆ ನಾನೇ ಅವನನ್ನು ಸ್ಕೂಟರಿನಲ್ಲಿ ರಾಜಾಜಿನಗರಕ್ಕೆ ಕರೆದುಕೊಂಡು ಹೋದೆ. ಒಂದನೆಯ ತಾರೀಖು ಪಟ್ಟಿಯಲ್ಲಿ 1619 ಎಂದಿತ್ತು. ದೊಡ್ಡ ಪಂದ್ಯ ಅವನಿಲ್ಲದೆ ನಡೆಯಿತು. ಬದಲಿಗೆ ಎಲ್ಲರಿಗೂ ತೆರೆದಿದ್ದ ಬೇರೊಂದು ಪಂದ್ಯಕ್ಕೆ ಹೆಸರು ಕೊಟ್ಟೆವು. ಮೊದಲ ಮೂರು ಸುತ್ತುಗಳಲ್ಲಿ ಮೂರು ಸೋಲು. ನಾಲ್ಕನೆಯದರಲ್ಲಿ ಎದುರಿಗೆ ಕುಳಿತವರು ಕೆಂಗೇರಿಯ ಹಿರಿಯರು. ಆಟ ಡ್ರಾ ಆಯಿತು. ನಾನು ಹೋಗಿ ನೋಡಿದಾಗ ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕುಳಿತು, ಹಲಗೆಯೂ ಕಾಯಿಗಳೂ ಇಲ್ಲದೆ, ಬಾಯಲ್ಲೇ ಆ ಆಟವನ್ನು ಮತ್ತೊಮ್ಮೆ ಆಡುತ್ತಿದ್ದರು. ಬಸ್ಸು ತಪ್ಪಿತೆಂಬುದು ಹಿರಿಯರಿಗೆ ನೆನಪಾದದ್ದು ದೀಪ ಹತ್ತಿದ ಮೇಲೆ.