ಗುಳೆ ಹೋದ ನಂಬರು, ಬಾರದ ಓಟಿಪಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿ, ತಾಂಡಾಗಳಿಂದ ದುಡಿಮೆಗಾಗಿ ಗುಳೆ ಹೋಗುವುದು ಹೊಸದಲ್ಲ. ಕೆಲವರು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಕೆಲವರು ಗೋವಾ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಹೋದ ಊರಲ್ಲಿ ಹೊಸ ಸಿಮ್ ಬಂದರೆ ಹಳೆಯ ನಂಬರಿಗೆ ರೀಚಾರ್ಜ್ ನಿಲ್ಲುತ್ತದೆ. ಆಧಾರ್‌ಗೆ ಜೋಡಣೆಯಾಗಿರುವುದು ಮಾತ್ರ ಆ ಹಳೆಯ ನಂಬರೇ. ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟ್ 26ರಂದು ಶುರುವಾದ ಇ-ಶ್ರಮ್ ತಾಣದಲ್ಲಿ ತಾವೇ ಹೆಸರು ನೋಂದಾಯಿಸಬೇಕೆಂದರೆ ಆ ನಂಬರಿಗೆ ಬರುವ ಓಟಿಪಿ ಬೇಕು. ನಂಬರು ಸತ್ತಿದ್ದರೆ ಆ ದಾರಿ ಅಲ್ಲಿಗೇ ಮುಚ್ಚುತ್ತದೆ.

ಸಿಂದಗಿಯಲ್ಲಿ ಕುಳಿತು ಆನ್‌ಲೈನ್ ತಾಣಗಳಲ್ಲಿ ವಿನ್ಯಾಸ, ಅನುವಾದ, ಡೇಟಾ ಎಂಟ್ರಿ ಕೆಲಸ ಹುಡುಕುವವರಿಗೂ, ನೈರೋಬಿ ಅಥವಾ ಲಾಗೋಸ್‌ನಲ್ಲಿ ಅದೇ ಕೆಲಸ ಹುಡುಕುವವರಿಗೂ ಹಲವೆಡೆ ಎದುರಾಗುವ ಬಾಗಿಲು ಇದೇ ಫೋನ್ ಪರಿಶೀಲನೆ. ಒಬ್ಬನೇ ಹತ್ತಾರು ಸುಳ್ಳು ಖಾತೆ ತೆರೆಯದಿರಲಿ ಎಂಬುದು ಅದರ ಉದ್ದೇಶ. ಉದ್ದೇಶ ಸರಿಯಾದದ್ದೇ. ಆದರೆ ಓಟಿಪಿ ಸಂದೇಶ ಬರುವ ದಾರಿಯನ್ನು ನೋಡಿದರೆ ಅದರ ಮಿತಿ ತಿಳಿಯುತ್ತದೆ.

ಸಂದೇಶ ನೇರವಾಗಿ ನಮ್ಮ ಫೋನಿಗೆ ಹಾರಿ ಬರುವುದಿಲ್ಲ. ಮೊದಲು ಅದು ಎಸ್ಸೆಮ್ಮೆಸ್ ಕೇಂದ್ರ ಸೇರುತ್ತದೆ. ಈ ನಂಬರು ಸದ್ಯ ಎಲ್ಲಿದೆ ಎಂದು ಆ ಕೇಂದ್ರವು ಮೊಬೈಲ್ ಕಂಪನಿಯ ದಾಖಲೆಯನ್ನು ಕೇಳುತ್ತದೆ. ಇಂಡಿಯಲ್ಲಿ ಕೊಂಡ ಸಿಮ್ ಸೊಲ್ಲಾಪುರದಲ್ಲಿದ್ದರೆ ಅಲ್ಲಿನ ಜಾಲದ ವಿಳಾಸ ಸಿಗುತ್ತದೆ, ಸಂದೇಶ ಅತ್ತ ಹೊರಡುತ್ತದೆ. ಫೋನ್ ಬಂದ್ ಆಗಿದ್ದರೆ ಅಥವಾ ಟವರ್ ಸಿಗದಿದ್ದರೆ, ಅಂಚೆ ಕಚೇರಿಯಲ್ಲಿ ಉಳಿದ ಕಾಗದದಂತೆ ಸಂದೇಶ ಕೇಂದ್ರದಲ್ಲೇ ಕಾಯುತ್ತದೆ, ಕೇಂದ್ರ ಅದನ್ನು ಮತ್ತೆ ಮತ್ತೆ ಕಳಿಸಲು ಪ್ರಯತ್ನಿಸುತ್ತದೆ. ಅವಧಿ ಮುಗಿದ ಮೇಲೆ ಓಟಿಪಿ ಕೈ ಸೇರುವುದು ಹೀಗೆ.

ಬೇರೆ ದೇಶದ ಕಂಪನಿ ಕಳಿಸಿದ ಸಂದೇಶವಾದರೆ ನಡುವೆ ಹಲವು ಮಧ್ಯವರ್ತಿ ಸಂಸ್ಥೆಗಳಿರುತ್ತವೆ. ಒಂದೊಂದು ಸಂದೇಶಕ್ಕೂ ಹಣ ತೆರಬೇಕು. ಯಂತ್ರಗಳಿಂದ ಲಕ್ಷಗಟ್ಟಲೆ ಸುಳ್ಳು ಓಟಿಪಿ ಕೋರಿಕೆ ಕಳಿಸಿ ಆ ಹಣದಲ್ಲಿ ಪಾಲು ಹೊಡೆಯುವ ವಂಚನೆಯೂ ಇದೆ. ಇದಕ್ಕೆ ಅಂಜಿ ಕೆಲವು ಕಂಪನಿಗಳು ಕೆಲವು ದೇಶಗಳ ನಂಬರುಗಳಿಗೆ ಸಂದೇಶ ಕಳಿಸುವುದನ್ನೇ ಮಿತಗೊಳಿಸುತ್ತವೆ. ತಪ್ಪು ಯಾರದೋ, ಕೆಲಸ ತಪ್ಪುವುದು ಪ್ರಾಮಾಣಿಕವಾಗಿ ದುಡಿಯುವವರಿಗೆ.

ಇನ್ನು ಭದ್ರತೆಯ ಮಾತು. ಆರು ಅಂಕಿಯ ಓಟಿಪಿಗೆ ಹತ್ತು ಲಕ್ಷ ಸಾಧ್ಯತೆಗಳಿವೆ. ಮೂರೇ ಸಲ ಪ್ರಯತ್ನಿಸಲು ಬಿಟ್ಟರೆ ಊಹಿಸಿ ಗೆಲ್ಲುವ ಅವಕಾಶ ಹತ್ತು ಲಕ್ಷಕ್ಕೆ ಮೂರು. ಹಾಗಾಗಿ ಕಳ್ಳರು ಊಹಿಸುವ ಗೋಜಿಗೆ ಹೋಗುವುದಿಲ್ಲ, ನಂಬಿಸಿ ಕೇಳಿ ಪಡೆಯುತ್ತಾರೆ. ಇಲ್ಲವೇ ಸುಳ್ಳು ದಾಖಲೆ ಕೊಟ್ಟು ನಮ್ಮ ನಂಬರಿನ ಹೊಸ ಸಿಮ್ಮನ್ನೇ ತಮ್ಮ ಕೈಗೆ ಪಡೆಯುತ್ತಾರೆ. ಬಳಕೆ ನಿಂತು ರದ್ದಾದ ನಂಬರನ್ನು ಕನಿಷ್ಠ 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಅಲ್ಲಿಗೆ ನಮ್ಮ ಓಟಿಪಿ ಹೋಗುವುದು ಗುರುತಿಲ್ಲದವರ ಕೈಗೆ. ಆ ಸಿಮ್ ಈ ಗಳಿಗೆಯಲ್ಲಿ ಯಾರದೋ ಕೈಯಲ್ಲಿದೆ ಎಂಬುದಷ್ಟೇ ಓಟಿಪಿಯಿಂದ ಸಾಬೀತಾಗುತ್ತದೆ. ಆ ಕೈ ಯಾರದೆಂದು ಅದು ಹೇಳಲಾರದು.

ಇದನ್ನು ಅರಿತೇ ಅಮೆರಿಕದ ಮಾನಕ ಸಂಸ್ಥೆ 2017ರಲ್ಲಿ ಎಸ್ಸೆಮ್ಮೆಸ್ ಓಟಿಪಿಯನ್ನು ನಿರ್ಬಂಧಿತ ವಿಧಾನಗಳ ಸಾಲಿಗೆ ಸೇರಿಸಿತು. ಪರ್ಯಾಯವೂ ಇದೆ. ಫೋನಿನಲ್ಲಿರುವ ಆ್ಯಪ್ ಮತ್ತು ಸಂಸ್ಥೆಯ ಸರ್ವರ್ ಎರಡೂ ಒಂದೇ ಗುಟ್ಟಿನ ಸಂಖ್ಯೆಯನ್ನು ಮೊದಲೇ ಹಂಚಿಕೊಂಡಿರುತ್ತವೆ. ಆ ಸಂಖ್ಯೆ ಮತ್ತು ಗಡಿಯಾರದ ಸಮಯ ಬೆರೆಸಿ ಲೆಕ್ಕ ಮಾಡಿ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಆರು ಅಂಕಿ ತೆಗೆಯುತ್ತವೆ. ಎರಡೂ ಕಡೆ ಉತ್ತರ ಒಂದೇ. 2011ರಿಂದ ಇದಕ್ಕೆ ಜಾಗತಿಕ ಮಾನಕವಿದೆ. ಸಂದೇಶವೇ ಬೇಕಿಲ್ಲದ ಕಾರಣ ಭೀಮಾ ತೀರದ ಹೊಲದಲ್ಲಿ ಟವರ್ ಸಿಗದಿದ್ದರೂ ಅಂಕಿ ಸಿಗುತ್ತದೆ, ಸಿಮ್ ಬದಲಾದರೂ ನಡೆಯುತ್ತದೆ. ಆದರೆ ಸ್ಮಾರ್ಟ್‌ಫೋನ್ ಬೇಕು. ಬಟನ್ ಫೋನಿನ ಮನೆಗಳಿಗೆ ಬೆರಳಚ್ಚಿನಂಥ ಬೇರೆ ದಾರಿ ಇರಲೇಬೇಕು. ಇ-ಶ್ರಮ್‌ನಲ್ಲಿ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ನೋಂದಾಯಿಸುವ ಅವಕಾಶ ಇರುವುದು ಆಧಾರ್‌ಗೆ ನಂಬರು ಜೋಡಣೆಯಾಗಿರದವರಿಗಾಗಿ.

ಅನ್ನದ ದಾರಿಗೆ ಒಂದೇ ಬಾಗಿಲು, ಆ ಬಾಗಿಲಿಗೆ ಒಂದೇ ಕೀಲಿ ಇಡುವುದು ಅನ್ಯಾಯ. ಸರ್ಕಾರದ ಯೋಜನೆಯಿರಲಿ, ಖಾಸಗಿ ತಾಣವಿರಲಿ, ಓಟಿಪಿ ಬಾರದವರಿಗೆ ಎರಡನೆಯ ದಾರಿಯನ್ನು ಮೊದಲ ಪುಟದಲ್ಲೇ ತೋರಿಸಬೇಕು.

ಗುಳೆ ಹೊರಡುವ ಮುನ್ನ ನಾವೂ ಕೆಲವು ಕೆಲಸ ಮಾಡೋಣ. ಆಧಾರ್‌ಗೆ ಜೋಡಿಸಿದ ನಂಬರಿಗೆ ಕಡಿಮೆ ದರದ ರೀಚಾರ್ಜ್ ಹಾಕಿಸಿ ಜೀವಂತ ಇಡೋಣ. ನಂಬರು ಬದಲಾಗಿದ್ದರೆ ಆಧಾರ್ ಕೇಂದ್ರದಲ್ಲಿ ಹೊಸದನ್ನು ಜೋಡಿಸೋಣ. ಅಂಚೆಯಣ್ಣನ ಮೂಲಕ ಮನೆಬಾಗಿಲಲ್ಲೇ ಜೋಡಿಸುವ ಸೇವೆ 2021ರಲ್ಲಿ ಆರಂಭವಾಗಿದೆ. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ಓಟಿಪಿಯನ್ನು ಯಾರಿಗೂ ಹೇಳಬೇಡಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.