ಚಿತ್ರ ಮೂಡದಿದ್ದಾಗ ಮೊದಲು ತಂತಿಯನ್ನು ನೋಡಿ

ಹಬ್ಬಹರಿದಿನಗಳಲ್ಲಿ ಬಂಧುಬಳಗ ಒಂದೆಡೆ ಸೇರಿದಾಗ, ಹಳೆಯ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಹೊಸ ಟಿ.ವಿ.ಯ ವಿಶಾಲ ತೆರೆಯ ಮೇಲೆ ನೋಡಬೇಕೆಂಬ ಆಸೆ ಹುಟ್ಟುವುದು ಸಹಜ. ಒಂದು ಗಣೇಶ ಚತುರ್ಥಿಯಂದು ಮುಂಬಯಿಯ ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. 1993ರ ಆ ಕ್ಯಾಸೆಟ್ಟಿನಲ್ಲಿ ಅಜ್ಜಿ ಹಾಡಿದ ಸೋಬಾನೆ ಪದವಿದೆ. ಅಜ್ಜಿ ಇಂದಿಲ್ಲ, ಅವರ ದನಿ ಉಳಿದಿರುವುದು ಅದೊಂದರಲ್ಲಿಯೇ. ದನಿಯೇನೋ ಕೇಳಿಸಿತು, ಆದರೆ ತೆರೆಯ ಮೇಲೆ ಮೂಡಿದ್ದು ಬಣ್ಣವಿಲ್ಲದ ಕಪ್ಪು-ಬಿಳುಪು ಚಿತ್ರ. ಕರೆಸಿದ ದುರಸ್ತಿಗಾರರು ಕ್ಯಾಸೆಟ್ ಹಾಳಾಗಿದೆ, ಎಸೆದುಬಿಡಿ ಎಂದರು. ಎಸೆಯಲು ಮನಸ್ಸು ಬರಲಿಲ್ಲ.

ದೋಷವಿದ್ದುದು ಬೇರೆಡೆ. ಹಳೆಯ ವಿ.ಸಿ.ಆರ್.ಗಳ ಹಳದಿ ತಂತಿ ಬೆಳಕು ಮತ್ತು ಬಣ್ಣಗಳೆರಡನ್ನೂ ಒಂದರಲ್ಲಿಯೇ ಬೆರೆಸಿ ಒಯ್ಯುತ್ತದೆ, ಇದು ಕಾಂಪೊಸಿಟ್. ಕೆಂಪು-ಬಿಳಿ ತಂತಿಗಳು ಧ್ವನಿಗಾಗಿ. ಹಸಿರು, ನೀಲಿ, ಕೆಂಪು ಎಂಬ ಮೂರು ತಂತಿಗಳ ಕಾಂಪೊನೆಂಟ್ ಪದ್ಧತಿಯಲ್ಲಿ ಬೆಳಕಿನ ಸಂಕೇತ ಹಸಿರಿನಲ್ಲಿಯೂ ಬಣ್ಣದ ಸಂಕೇತಗಳು ಉಳಿದೆರಡರಲ್ಲಿಯೂ ಹರಿಯುತ್ತವೆ. ಅನೇಕ ಟಿ.ವಿ.ಗಳಲ್ಲಿ ಹಳದಿಗೂ ಹಸಿರಿಗೂ ಒಂದೇ ರಂಧ್ರವಿರುತ್ತದೆ. ರಿಮೋಟಿನಲ್ಲಿ ‘ಕಾಂಪೊನೆಂಟ್’ ಆಯ್ಕೆಯಾಗಿದ್ದರೆ ಟಿ.ವಿ. ಬೆಳಕನ್ನಷ್ಟೇ ಗ್ರಹಿಸಿ ಬಣ್ಣವನ್ನು ಕೈಬಿಡುತ್ತದೆ. ಆಯ್ಕೆಯನ್ನು ‘ಎ.ವಿ.’ಗೆ ಬದಲಿಸಿದೊಡನೆ ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗು ಮರಳಿ ಬಂದಿತು.

ಬಣ್ಣ ಬಾರದಿರಲು ಇನ್ನೊಂದು ಕಾರಣವೂ ಉಂಟು. ಭಾರತದ ಕ್ಯಾಸೆಟ್ಟುಗಳು 625 ಗೆರೆಗಳ ಪಾಲ್ ಪದ್ಧತಿಯವು. ಅಮೆರಿಕದ ಬಂಧುಗಳು ಕಳುಹಿಸಿದವು 525 ಗೆರೆಗಳ ಎನ್‌ಟಿಎಸ್‌ಸಿ. ವಿ.ಸಿ.ಆರ್. ಮತ್ತು ಟಿ.ವಿ.ಗಳೆರಡೂ ಆ ಪದ್ಧತಿಗೆ ಒಗ್ಗಬೇಕು. ಹಳದಿ ರಂಧ್ರವೇ ಇಲ್ಲದ ಟಿ.ವಿ.ಗೆ ವಿದ್ಯುತ್ ಬೇಡುವ ಪರಿವರ್ತಕ ಪೆಟ್ಟಿಗೆ ಅಗತ್ಯ. ಎರಡು ತುದಿಗಳಲ್ಲಿ ಬೇರೆ ಬೇರೆ ಪ್ಲಗ್ ಇರುವ ಬರಿಯ ತಂತಿಯಿಂದ ಕೆಲಸವಾಗದು.

ಇಂದಿನ ಹೋಂ ಥಿಯೇಟರುಗಳಲ್ಲಿ ಬಳಕೆಯಲ್ಲಿರುವುದು ಎಚ್‌ಡಿಎಂಐ. ಇದರಲ್ಲಿ ಉಪಕರಣಗಳು ಪರಸ್ಪರ ಗುರುತು ವಿಚಾರಿಸಿಕೊಂಡ ಬಳಿಕವೇ ಚಿತ್ರ ಮೂಡುತ್ತದೆ. ಈ ಮಾತುಕತೆ ಮುರಿದರೆ ತೆರೆ ಕಪ್ಪಾಗುತ್ತದೆ. ಆಗ ಕ್ರಮವಾಗಿ ಹೀಗೆ ಮಾಡಿ:

1. ರಿಮೋಟಿನಲ್ಲಿ ಆರಿಸಿದ ಸಂಖ್ಯೆ ಮತ್ತು ತಂತಿ ಸೇರಿರುವ ರಂಧ್ರದ ಸಂಖ್ಯೆ ಒಂದೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

2. ಎಲ್ಲ ಉಪಕರಣಗಳ ವಿದ್ಯುತ್ ಪ್ಲಗ್ ತೆಗೆದು, ಒಂದೆರಡು ನಿಮಿಷ ಬಿಟ್ಟು, ಮೊದಲು ಟಿ.ವಿ., ಅನಂತರ ರಿಸೀವರ್, ಕೊನೆಗೆ ಪ್ಲೇಯರ್ ಚಾಲೂ ಮಾಡಿ.

3. ರಿಸೀವರನ್ನು ಬಿಟ್ಟು ಪ್ಲೇಯರನ್ನು ನೇರವಾಗಿ ಟಿ.ವಿ.ಗೆ ಜೋಡಿಸಿ. ಚಿತ್ರ ಬಂದರೆ ಟಿ.ವಿ. ಸರಿಯಿದೆ; ದೋಷ ರಿಸೀವರಿನಲ್ಲೋ ಬಿಟ್ಟ ತಂತಿಯಲ್ಲೋ ಇದೆ.

4. ಸರಿಯಿರುವುದೆಂದು ತಿಳಿದ ಮತ್ತೊಂದು ತಂತಿಯನ್ನು ಹಾಕಿ ನೋಡಿ. ಒಮ್ಮೆಗೆ ಒಂದನ್ನೇ ಬದಲಿಸಿ. ಇಲ್ಲವಾದರೆ ಕಾರಣ ತಿಳಿಯದು.

ತೆರೆಯಲ್ಲಿ ಮಿಂಚುಚುಕ್ಕೆಗಳು ಕಂಡರೆ ಅಥವಾ ಚಿತ್ರ ಆಗಾಗ ಮಾಯವಾದರೆ ತಂತಿ ಸಾಲದೆಂದೇ ಶಂಕಿಸಬೇಕು. ಸೆಕೆಂಡಿಗೆ 60 ಚಿತ್ರಗಳ 4ಕೆ ದೃಶ್ಯಕ್ಕೆ 18 ಗಿಗಾಬಿಟ್ ವೇಗದ ತಂತಿ ಬೇಕು; ಉದ್ದ ಹೆಚ್ಚಿದಷ್ಟೂ ಸಂಕೇತ ಕುಗ್ಗುತ್ತದೆ. ಟಿ.ವಿ.ಯ ಧ್ವನಿ ಸ್ಪೀಕರಿಗೆ ಬಾರದಿದ್ದರೆ, 2009ರಲ್ಲಿ ಬಂದ ‘ಎ.ಆರ್.ಸಿ.’ ಗುರುತಿರುವ ರಂಧ್ರಕ್ಕೇ ತಂತಿ ಸೇರಿದೆಯೇ, ಆ ಸೌಲಭ್ಯ ಎರಡೂ ಕಡೆ ಚಾಲ್ತಿಯಲ್ಲಿದೆಯೇ ನೋಡಿ.

ಹೊಸ ಟಿ.ವಿ. ಕೊಳ್ಳುವ, ಹಳೆಯ ಕ್ಯಾಸೆಟ್ ಎಸೆಯುವ ಮುನ್ನ ಇಷ್ಟನ್ನು ಪರೀಕ್ಷಿಸಲು ಅರ್ಧ ಗಂಟೆ ಸಾಕು. ಚಿತ್ರ ಸರಿಯಾಗಿ ಬಂದ ದಿನವೇ ಅದನ್ನು ಡಿಜಿಟಲ್ ರೂಪಕ್ಕೆ ಇಳಿಸಿ ಎರಡು ಕಡೆ ಕಾಪಿಡಿರಿ. ತಂತಿ ಮತ್ತೊಂದು ಸಿಕ್ಕೀತು. ಕಾಂತಪಟ್ಟಿ ವರ್ಷ ಕಳೆದಂತೆ ಸವೆಯುತ್ತದೆ, ಅದರೊಳಗಿನ ದನಿ ಮತ್ತೆ ದೊರೆಯದು.