ಎರಡು ಮೊನೆಯ ಕುಂಚಲೇಖನಿ: ಆರಿಸುವ ಬಗೆ

ಒಂದು ತುದಿಯಲ್ಲಿ ಬಾಗುವ ಕುಂಚ, ಇನ್ನೊಂದು ತುದಿಯಲ್ಲಿ ಸಣ್ಣ ಗೆರೆಯನ್ನೆಳೆಯುವ ಗಟ್ಟಿ ಮೊನೆ, ನಡುವೆ ಬಣ್ಣದ ಶಾಯಿಯನ್ನು ತುಂಬಿಕೊಂಡ ಕೊಳವೆ. ಅಂಗಡಿಗಳಲ್ಲಿ ‘ಡ್ಯುಯಲ್ ಬ್ರಷ್ ಪೆನ್’ ಎಂದು ಕರೆಯುವ ಈ ಸಾಧನವು ಚಿತ್ರ ಬರೆಯುವ ವಿದ್ಯಾರ್ಥಿಗಳಿಗೂ ದಿನಚರಿಯ ಪುಟಗಳನ್ನು ಅಂದವಾದ ಅಕ್ಷರಗಳಿಂದ ಸಿಂಗರಿಸುವವರಿಗೂ ಅಚ್ಚುಮೆಚ್ಚಾಗಿದೆ. ಒಂದು ಪೆಟ್ಟಿಗೆಯ ಬೆಲೆಯು ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರ ರೂಪಾಯಿಗಳವರೆಗೂ ಇರುತ್ತದೆ. ಹೊರನೋಟಕ್ಕೆ ಎಲ್ಲವೂ ಒಂದೇ. ಆದರೆ ಒಂದರಿಂದ ಬರೆದ ಚಿತ್ರವು ಗೋಡೆಯ ಮೇಲೆ ಬಹುಕಾಲ ಉಳಿದರೆ, ಇನ್ನೊಂದರಿಂದ ಬರೆದುದು ಕೆಲವೇ ಬೇಸಗೆಗಳಲ್ಲಿ ಮಾಸಿಹೋಗಬಹುದು. ಒಂದರ ಶಾಯಿ ಪುಟದ ಮೇಲೆಯೇ ನಿಂತರೆ, ಇನ್ನೊಂದರದು ಕೆಳಗಿನ ಪುಟಗಳನ್ನೂ ಕೆಡಿಸಬಹುದು. ಇದಕ್ಕೆ ಕಾರಣವೇನು? ಬೆಲೆಯನ್ನು ನೋಡಿ ಇದನ್ನು ತಿಳಿಯಲಾಗದು. ಕೊಳವೆಯೊಳಗಿನ ದ್ರವ ಯಾವುದು, ಅದರಲ್ಲಿ ಸೇರಿರುವ ಬಣ್ಣ ಎಂಥದು ಎಂಬ ಎರಡು ಸಂಗತಿಗಳನ್ನು ಅರಿತರೆ ಉತ್ತರವು ತಾನಾಗಿ ಹೊಳೆಯುತ್ತದೆ.

ಶಾಯಿಯು ಹರಿಯುವ ಬಗೆ

ಈ ಲೇಖನಿಯನ್ನು ಬಿಚ್ಚಿ ನೋಡಿದರೆ ಒಳಗೆ ತುಳುಕುವ ಶಾಯಿ ಕಾಣುವುದಿಲ್ಲ. ಹತ್ತಿಯ ಬತ್ತಿಯನ್ನು ಹೋಲುವ, ಕೃತಕ ನೂಲಿನ ಎಳೆಗಳ ಒಂದು ಕಟ್ಟು ಕಾಣುತ್ತದೆ. ಶಾಯಿಯೆಲ್ಲವೂ ಆ ಎಳೆಗಳ ನಡುವಣ ಸಂದುಗಳಲ್ಲಿ ಅಡಗಿರುತ್ತದೆ. ಸಾಮಾನ್ಯವಾಗಿ ಎರಡು ಮೊನೆಗಳಿಗೂ ಈ ಒಂದೇ ಕಟ್ಟಿನಿಂದ ಶಾಯಿ ದೊರೆಯುತ್ತದೆ.

ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಮೇಲಕ್ಕೇರಿಸುವ ಕೇಶಾಕರ್ಷಣವೇ ಇಲ್ಲಿಯೂ ಕೆಲಸ ಮಾಡುತ್ತದೆ. ಕೊಳವೆಯು ಸಣ್ಣದಾದಷ್ಟೂ ದ್ರವವು ಅದರಲ್ಲಿ ಹೆಚ್ಚು ಎತ್ತರಕ್ಕೆ ಏರುತ್ತದೆ. 1 ಮಿಲಿಮೀಟರ್ ತ್ರಿಜ್ಯದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 1.5 ಸೆಂಟಿಮೀಟರ್ ಏರಿದರೆ, 0.1 ಮಿಲಿಮೀಟರ್ ತ್ರಿಜ್ಯದ ಕೊಳವೆಯಲ್ಲಿ ಸುಮಾರು 15 ಸೆಂಟಿಮೀಟರ್ ಏರುತ್ತದೆ. ಸಣ್ಣ ಸಂದು ದೊಡ್ಡ ಸಂದಿನಿಂದ ದ್ರವವನ್ನು ಸೆಳೆದುಕೊಳ್ಳುತ್ತದೆಂಬುದೇ ಇದರ ತಾತ್ಪರ್ಯ. ಲೇಖನಿಯ ಒಡಲಿನಲ್ಲಿರುವ ಎಳೆಗಳ ಸಂದುಗಳಿಗಿಂತ ಮೊನೆಯ ಸಂದುಗಳು ಕಿರಿದು. ಆದುದರಿಂದ ಶಾಯಿಯು ಒಡಲಿನಿಂದ ಮೊನೆಗೆ ಹರಿಯುತ್ತದೆ. ಮೊನೆಯು ಕಾಗದವನ್ನು ತಾಕಿದಾಗ ಕಾಗದದ ನಾರುಗಳು ಅದನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ತಾಕದಿದ್ದಾಗ ಶಾಯಿಯು ತೊಟ್ಟಿಕ್ಕದೆ ನಿಂತಿರುವುದೂ ಈ ಸೆಳೆತದಿಂದಲೇ.

ಎಳೆಗಳನ್ನು ಒತ್ತಾಗಿ ಸೇರಿಸಿ ಮೊನೆಮಾಡಿದ ಲೇಖನಿಯನ್ನು 1962ರಲ್ಲಿ ರೂಪಿಸಿದವರು ಜಪಾನಿನ ಯುಕಿಯೊ ಹೋರಿಯೆ. ಕುಂಚದಿಂದಲೇ ಅಕ್ಷರ ಬರೆಯುವ ಸಂಪ್ರದಾಯವುಳ್ಳ ಆ ದೇಶದಲ್ಲಿ, ಮುಂದಿನ ದಶಕದಲ್ಲಿ, ಶಾಯಿಯನ್ನು ತನ್ನೊಳಗೇ ಇಟ್ಟುಕೊಂಡ ಕುಂಚಲೇಖನಿಗಳೂ ಮಾರುಕಟ್ಟೆಗೆ ಬಂದವು. ಇಂದು ಹೆಸರಾಗಿರುವ ಟೊಂಬೊ ಮತ್ತು ಕೋಪಿಕ್ ಲೇಖನಿಗಳು ಎರಡೂ ಜಪಾನಿನವೇ. ಆದರೆ ಇವುಗಳ ಒಡಲಿನಲ್ಲಿರುವ ದ್ರವಗಳು ಬೇರೆಬೇರೆ. ಟೊಂಬೊದ ಎರಡು ಮೊನೆಯ ಲೇಖನಿಯಲ್ಲಿರುವುದು ನೀರು. 1987ರಲ್ಲಿ ಹೊರಬಂದ ಕೋಪಿಕ್‌ನಲ್ಲಿರುವುದು ಆಲ್ಕೊಹಾಲು.

ನೀರೋ, ಆಲ್ಕೊಹಾಲೋ?

ಕಾಗದವೆಂಬುದು ಸೆಲ್ಯುಲೋಸ್ ನಾರುಗಳ ಹೆಣಿಗೆ. ಬರೆಯುವ ಕಾಗದದಲ್ಲಿ ಶಾಯಿಯು ಹರಡದಿರಲೆಂದು ತಯಾರಕರು ರಾಳ, ಗಂಜಿ ಮೊದಲಾದವುಗಳನ್ನು ಸೇರಿಸಿರುತ್ತಾರೆ. ಇವು ನೀರನ್ನು ತಡೆಯುತ್ತವೆ. ಆದುದರಿಂದ ನೀರಿನ ಶಾಯಿಯು ಬಹುಮಟ್ಟಿಗೆ ಪುಟದ ಮೇಲೆಯೇ ಉಳಿಯುತ್ತದೆ. ಆದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ತೀಡಿದರೆ ನಾರುಗಳು ನೀರನ್ನು ಹೀರಿ ಊದಿಕೊಳ್ಳುತ್ತವೆ. ಕಾಗದವು ಸುಕ್ಕಾಗುತ್ತದೆ, ಮೇಲ್ಮೈಯ ನಾರು ಎದ್ದು ಸಣ್ಣ ಸಣ್ಣ ಉಂಡೆಗಳಾಗಿ ಕುಂಚಕ್ಕೆ ಅಂಟುತ್ತದೆ.

ಆಲ್ಕೊಹಾಲಿನ ಸ್ವಭಾವವೇ ಬೇರೆ. ಅದರ ಮೇಲ್ಮೈ ಎಳೆತವು ನೀರಿನ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ನೀರನ್ನು ತಡೆಯುವ ರಾಳವು ಇದನ್ನು ತಡೆಯಲಾರದು. ಆಲ್ಕೊಹಾಲಿನ ಶಾಯಿಯು ಕ್ಷಣಮಾತ್ರದಲ್ಲಿ ಕಾಗದದೊಳಕ್ಕೆ ಇಳಿದು, ಅಕ್ಕಪಕ್ಕಗಳಿಗೆ ಹರಡಿ, ಹಿಂಬದಿಗೂ ತೋರುತ್ತದೆ. ಸಾಧಾರಣ ನೋಟುಪುಸ್ತಕದ ತೆಳುವಾದ ಹಾಳೆಯಲ್ಲಿ ಅದನ್ನು ಬಳಸಿದರೆ ಹಿಂದಿನ ಪುಟವು ಕೆಟ್ಟಿತೆಂದೇ ತಿಳಿಯಬೇಕು. ಆದರೆ ಈ ಗುಣವೇ ಚಿತ್ರಕಾರನಿಗೆ ವರವಾಗುತ್ತದೆ. ಪಕ್ಕಪಕ್ಕದ ಎರಡು ಬಣ್ಣಗಳು ಗೆರೆಯ ಗುರುತಿಲ್ಲದಂತೆ ಒಂದರೊಳಗೊಂದು ಬೆರೆಯುತ್ತವೆ. ದ್ರವವು ಬೇಗ ಆರುವುದರಿಂದಲೂ ನಾರುಗಳು ಹೆಚ್ಚು ಊದದಿರುವುದರಿಂದಲೂ ಪದರದ ಮೇಲೆ ಪದರವನ್ನು ಹಚ್ಚಬಹುದು. ದಪ್ಪನೆಯ, ನುಣುಪಾದ ಕಾಗದವೂ ಗಾಳಿಯಾಡುವ ಕೋಣೆಯೂ ಇದ್ದಾಗ ಇದು ಒಳ್ಳೆಯ ಸಾಧನ.

ಕರಗುವ ಬಣ್ಣ, ಕರಗದ ಬಣ್ಣ

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಸಕ್ಕರೆಯು ನೀರಿನಲ್ಲಿ ಕರಗುವಂತೆ ದ್ರವದಲ್ಲಿ ಅಣುಅಣುವಾಗಿ ಕರಗುವ ಬಣ್ಣಕ್ಕೆ ‘ಡೈ’ ಎಂದು ಹೆಸರು. ಕರಗದೆ ನವುರಾದ ಕಣಗಳಾಗಿ ದ್ರವದಲ್ಲಿ ಹರಡಿಕೊಂಡಿರುವ ಬಣ್ಣವು ‘ಪಿಗ್ಮೆಂಟ್’.

1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ 18 ವರ್ಷದ ತರುಣನು ಕ್ವಿನೈನನ್ನು ತಯಾರಿಸಲು ಹೊರಟು, ಅನಿರೀಕ್ಷಿತವಾಗಿ ಒಂದು ನೇರಳೆ ಡೈಯನ್ನು ಪಡೆದನು. ಕೃತಕ ಡೈಗಳ ಉದ್ಯಮವು ಬೆಳೆದುದು ಅಲ್ಲಿಂದಲೇ. ಇಂದಿನ ಬಣ್ಣದ ಲೇಖನಿಗಳಲ್ಲಿ ಬಹುಪಾಲು ಈ ವಂಶದ ಬಣ್ಣಗಳನ್ನೇ ಬಳಸುತ್ತವೆ. ಡೈಗಳು ಹೊಳಪಾಗಿರುತ್ತವೆ, ಸರಾಗವಾಗಿ ಹರಿಯುತ್ತವೆ, ಮೊನೆಯನ್ನು ಕಟ್ಟಿಸುವುದಿಲ್ಲ. ಆದರೆ ಅವುಗಳಿಗೆ ಬೆಳಕೇ ಶತ್ರು. ಬಿಸಿಲಿನ ಶಕ್ತಿ, ಅದರಲ್ಲಿಯೂ ನೇರಳಾತೀತ ಕಿರಣಗಳ ಶಕ್ತಿ, ಡೈಯ ಅಣುವಿನೊಳಗಣ ಬಂಧಗಳನ್ನು ಮುರಿಯುತ್ತದೆ. ಬಂಧವು ಮುರಿದರೆ ಬಣ್ಣವೂ ಇಲ್ಲ. ಪಿಗ್ಮೆಂಟಿನ ಕಣದಲ್ಲಾದರೋ ಅಸಂಖ್ಯಾತ ಅಣುಗಳು ಒತ್ತಾಗಿ ಕೂಡಿರುತ್ತವೆ. ಹೊರಗಿನ ಅಣುಗಳು ನಾಶವಾದರೂ ಒಳಗಿನವು ಬಣ್ಣವನ್ನು ಉಳಿಸಿಕೊಳ್ಳುತ್ತವೆ.

ಇದರ ಬೆಲೆಯನ್ನು ಕಲಾಪ್ರಪಂಚವು ಕಷ್ಟದಿಂದ ಕಲಿತಿದೆ. ವಿನ್ಸೆಂಟ್ ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆಯ ಚಿತ್ರವನ್ನು ಬರೆದಾಗ ಗೋಡೆಗಳ ಬಣ್ಣ ತಿಳಿನೇರಳೆಯಾಗಿತ್ತು. ಅದರಲ್ಲಿ ಬೆರೆಸಿದ್ದ ಕೆಂಪು ಬಣ್ಣವು ಬೆಳಕಿಗೆ ಮಾಸಿಹೋದುದರಿಂದ ಇಂದು ಆ ಗೋಡೆಗಳು ನೀಲಿಯಾಗಿ ಕಾಣುತ್ತವೆ. ಈಗ ಸಂಗ್ರಹಾಲಯಗಳಲ್ಲಿ ಕಾಗದದ ಮೇಲಣ ಚಿತ್ರಗಳಿಗೆ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕನ್ನು ಮಾತ್ರ ಬಿಡುವುದುಂಟು. ನೇರವಾದ ಬಿಸಿಲು ಸುಮಾರು 1,00,000 ಲಕ್ಸ್.

ಇದಕ್ಕೆ ಪ್ರತಿಯಾಗಿ ನಮ್ಮ ನಾಡಿನ ತಾಳೆಯೋಲೆಯ ಗ್ರಂಥಗಳನ್ನು ನೋಡಬಹುದು. ಲೋಹದ ಕಂಟದಿಂದ ಕೊರೆದ ಅಕ್ಷರಗಳಿಗೆ ದೀಪದ ಕಾಡಿಗೆಯನ್ನು ಸವರಿ ಅವು ಎದ್ದು ಕಾಣುವಂತೆ ಮಾಡುತ್ತಿದ್ದರು. ಕಾಡಿಗೆಯೆಂದರೆ ಇಂಗಾಲ, ಬೆಳಕಿಗೆ ಜಗ್ಗದ ಪಿಗ್ಮೆಂಟ್. ಓಲೆಯೇ ಹುಳು ಹಿಡಿದು ಹೋಗಬಹುದಲ್ಲದೆ ಆ ಕಪ್ಪು ಮಾಸುವುದಿಲ್ಲ.

ಹೆಸರುಪಟ್ಟಿಯ ಮಾತುಗಳು

ಲೇಖನಿಯ ಮೇಲೆ ಅಚ್ಚಾಗಿರುವ ಪದಗಳನ್ನು ಎಚ್ಚರದಿಂದ ಓದಬೇಕು. ‘ವಾಟರ್ ಬೇಸ್ಡ್’ ಎಂದರೆ ಶಾಯಿಯ ದ್ರವ ನೀರು ಎಂದಷ್ಟೇ ಅರ್ಥ. ‘ವಾಟರ್‌ಪ್ರೂಫ್’ ಎಂದರೆ ಆರಿದ ಮೇಲೆ ನೀರಿಗೆ ಕರಗದು ಎಂದು. ಇವೆರಡೂ ಒಂದೇ ಲೇಖನಿಯಲ್ಲಿ ಇರಬಹುದು. ನೀರಿನಲ್ಲಿ ಹರಡಿದ ಪಿಗ್ಮೆಂಟ್ ಶಾಯಿಗಳಲ್ಲಿ ಹಲವು ಅಂಥವೇ. ‘ಪರ್ಮನೆಂಟ್’ ಎಂಬ ಮಾತು ಸಾಮಾನ್ಯವಾಗಿ ನೀರಿಗೆ ಸಂಬಂಧಿಸಿದುದು, ಬೆಳಕಿಗಲ್ಲ. ‘ಆ್ಯಸಿಡ್ ಫ್ರೀ’ ಎಂಬುದು ಆಮ್ಲದಿಂದ ಕಾಗದಕ್ಕಾಗುವ ಕೇಡಿಗೆ ಸಂಬಂಧಿಸಿದ ಮಾತು. ಬಣ್ಣದ ಬಾಳಿಕೆಯನ್ನು ಸೂಚಿಸುವ ಪದವು ‘ಲೈಟ್‌ಫಾಸ್ಟ್’ ಒಂದೇ.

ಯಾವ ಕೆಲಸಕ್ಕೆ ಯಾವುದು?

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಿಮ್ಮ ಕೃತಿಯು ಯಾವ ಶತ್ರುವನ್ನು ಎದುರಿಸಬೇಕಾಗಿದೆ ಎಂಬುದನ್ನು ಮೊದಲು ಕೇಳಿಕೊಳ್ಳಿರಿ.

ದಿನಚರಿಯು ಮುಚ್ಚಿದ ಪುಸ್ತಕ. ಅದರೊಳಕ್ಕೆ ಬೆಳಕು ಬೀಳುವುದು ಅಪರೂಪ. ಅದರ ಶತ್ರುಗಳು ಎರಡು: ಹಿಂಬದಿಗೆ ಇಳಿಯುವ ಶಾಯಿ ಮತ್ತು ಮಳೆಗಾಲದಲ್ಲಿ ಚೀಲದೊಳಕ್ಕೆ ಸೇರುವ ನೀರು. ಶೀರ್ಷಿಕೆಗಳಿಗೂ ಅಲಂಕಾರಕ್ಕೂ ನೀರಿನ ಡೈ ಶಾಯಿಯ ಅಗ್ಗದ ಲೇಖನಿ ಸಾಕು. ಆದರೆ ಉಳಿಯಲೇಬೇಕಾದ ಬರಹವನ್ನು ನೀರಿಗೆ ಕರಗದ ಪಿಗ್ಮೆಂಟ್ ಶಾಯಿಯಿಂದ ಬರೆಯುವುದು ಲೇಸು. ಆಲ್ಕೊಹಾಲಿನ ಲೇಖನಿಯನ್ನು ಇಲ್ಲಿಂದ ದೂರವಿಡಬೇಕು.

ಗೋಡೆಗೆ ತೂಗುಹಾಕುವ ಚಿತ್ರದ ಶತ್ರು ಬೆಳಕು. ಅದಕ್ಕೆ ಪಿಗ್ಮೆಂಟ್ ಶಾಯಿಯೇ ತಕ್ಕುದು. ಬಣ್ಣಗಳ ನಯವಾದ ಬೆರಕೆಗಾಗಿ ಆಲ್ಕೊಹಾಲಿನ ಡೈಯನ್ನು ಬಳಸಿದರೆ, ಚಿತ್ರವನ್ನು ಬಿಸಿಲು ಸೋಕದ ಕಡೆ ಇಡಬೇಕು ಅಥವಾ ಕಡತದೊಳಗೆ ಕಾಪಾಡಬೇಕು. ಅಚ್ಚಿಗಾಗಿ ಬರೆದು, ಪ್ರತಿ ತೆಗೆದ ಮೇಲೆ ಮೂಲವು ಬೇಕಿಲ್ಲವೆನ್ನುವವರಿಗೆ ಈ ಚಿಂತೆಯಿಲ್ಲ.

ಕುಂಚದ ಮೊನೆಯನ್ನೂ ಗಮನಿಸಬೇಕು. ಹೊಸದಾಗಿ ಅಕ್ಷರ ಕಲಿಯುವವರಿಗೆ ಗಿಡ್ಡನೆಯ ಬಿರುಸಾದ ಮೊನೆ ಹಿಡಿತಕ್ಕೆ ಸಿಗುತ್ತದೆ. ಉದ್ದನೆಯ ಮೆತ್ತನೆಯ ಮೊನೆಯು ಪಳಗಿದ ಕೈಯನ್ನು ಬೇಡುತ್ತದೆ. ಒರಟು ಕಾಗದವು ಎಂಥ ಮೊನೆಯನ್ನಾದರೂ ಬೇಗ ಕೆದರಿಸುತ್ತದೆ. ಎರಡು ಮೊನೆಗಳಿಗೂ ಶಾಯಿ ಸಮನಾಗಿ ಒದಗುವಂತೆ ಲೇಖನಿಯನ್ನು ಅಡ್ಡಲಾಗಿ ಮಲಗಿಸಿಡುವುದು ಒಳ್ಳೆಯದು.

ಮೂರು ಪರೀಕ್ಷೆಗಳು

ಅಂಗಡಿಯವನ ಮಾತನ್ನೇ ನಂಬಬೇಕಾಗಿಲ್ಲ. ಪೆಟ್ಟಿಗೆಯನ್ನು ಕೊಳ್ಳುವ ಮೊದಲು ಒಂದೇ ಲೇಖನಿಯನ್ನು ತಂದು ಈ ಪರೀಕ್ಷೆಗಳನ್ನು ಮಾಡಿ ನೋಡಿರಿ.

ಮೊದಲನೆಯದು: ನಿಮ್ಮ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಚೌಕವನ್ನು ತುಂಬಿ, ಆರಿದ ಮೇಲೆ ಹಿಂಬದಿಯನ್ನು ನೋಡಿರಿ.

ಎರಡನೆಯದು: ಸೋಸುಕಾಗದದ ಪಟ್ಟಿಯ ಕೆಳತುದಿಗಿಂತ 2 ಸೆಂಟಿಮೀಟರ್ ಮೇಲೆ ಒಂದು ಚುಕ್ಕೆಯನ್ನಿಟ್ಟು, ಒಂದು ದಿನ ಆರಲು ಬಿಟ್ಟು, ತುದಿಯನ್ನು ಮಾತ್ರ ನೀರಿನಲ್ಲಿ ಅದ್ದಿರಿ. ಚುಕ್ಕೆಯು ನೀರಿನೊಡನೆ ಮೇಲೇರಿ ಬೇರೆಬೇರೆ ಬಣ್ಣಗಳಾಗಿ ಒಡೆದರೆ ಅದು ನೀರಿನ ಡೈ. ಏರದಿದ್ದರೆ ಇನ್ನೊಂದು ಪಟ್ಟಿಯನ್ನು ಔಷಧದಂಗಡಿಯ ಸ್ಪಿರಿಟಿನಲ್ಲಿ ಅದ್ದಿರಿ, ಬೆಂಕಿಯು ಹತ್ತಿರವಿರಕೂಡದು. ಅದರಲ್ಲಿ ಏರಿದರೆ ಆಲ್ಕೊಹಾಲಿನ ಡೈ. ಎರಡರಲ್ಲಿಯೂ ಕದಲದಿದ್ದರೆ ಬಹುಮಟ್ಟಿಗೆ ಪಿಗ್ಮೆಂಟ್ ಎನ್ನಬಹುದು. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್ ಎಲೆಯ ಬಣ್ಣಗಳನ್ನು ಬೇರ್ಪಡಿಸಿ, 1906ರಲ್ಲಿ ಕ್ರೊಮೆಟಾಗ್ರಫಿ ಎಂದು ಹೆಸರಿಟ್ಟ ವಿಧಾನದ ತತ್ತ್ವವೇ ಇಲ್ಲಿಯೂ ಇದೆ.

ಮೂರನೆಯದಕ್ಕೆ ತಾಳ್ಮೆ ಬೇಕು. ಬಿಳಿಯ ಕಾಗದದ ಮೇಲೆ ಪ್ರತಿಯೊಂದು ಬಣ್ಣದ ಉದ್ದನೆಯ ಗೆರೆಯನ್ನೆಳೆದು, ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿರಿ. ನಾಲ್ಕು ವಾರಗಳಾದ ಮೇಲೆ ಮುಚ್ಚಿದ ಭಾಗವನ್ನೂ ತೆರೆದ ಭಾಗವನ್ನೂ ಹೋಲಿಸಿರಿ. ಒಂದೇ ಪೆಟ್ಟಿಗೆಯ ಬಣ್ಣಗಳಲ್ಲಿಯೂ ಕೆಲವು ಉಳಿದು ಕೆಲವು ಮಾಸಿರುವುದುಂಟು. ಬಟ್ಟೆಯ ಬಣ್ಣವನ್ನು ಅಳೆಯುವ ತಜ್ಞರೂ ಇಂಥದೇ ಉಪಾಯವನ್ನು ಅನುಸರಿಸುತ್ತಾರೆ: 1ರಿಂದ 8ರವರೆಗೆ ಸಂಖ್ಯೆಯಿಟ್ಟ ನೀಲಿಯ ಉಣ್ಣೆಯ ಪಟ್ಟಿಗಳನ್ನು ಪರೀಕ್ಷಿಸಬೇಕಾದ ಬಣ್ಣದ ಪಕ್ಕದಲ್ಲಿ ಬೆಳಕಿಗೊಡ್ಡಿ, ಯಾವುದರೊಡನೆ ಅದು ಮಾಸಿತೆಂದು ನೋಡುತ್ತಾರೆ.

ಒಂದು ಲೇಖನಿ, ಒಂದು ಕಾಗದದ ಪಟ್ಟಿ, ಒಂದು ಕಿಟಕಿ: ಇಷ್ಟಿದ್ದರೆ ಸಾಕು. ನೂರಾರು ಬಣ್ಣಗಳ ಪೆಟ್ಟಿಗೆಗೆ ಹಣವನ್ನು ಸುರಿಯುವುದಕ್ಕಿಂತ, ಪರೀಕ್ಷೆಯಲ್ಲಿ ಗೆದ್ದ ಎಂಟೋ ಹತ್ತೋ ಬಣ್ಣಗಳನ್ನು ಆರಿಸಿಕೊಂಡು ಅವುಗಳಲ್ಲಿ ಕೈಯನ್ನು ಪಳಗಿಸುವುದು ಮೇಲು. ಇಂದು ನೀವು ಬರೆದಿಟ್ಟುದನ್ನು ಇಪ್ಪತ್ತು ವರ್ಷಗಳ ಮೇಲೆ ತೆರೆದು ನೋಡುವವರು ನೀವೇ ಆಗಿರಬಹುದು. ಅಂದು ಪುಟದಲ್ಲಿ ಬಣ್ಣವು ಉಳಿದಿರುವುದೋ ಇಲ್ಲವೋ ಎಂಬುದು ಇಂದಿನ ಆಯ್ಕೆಯನ್ನು ಅವಲಂಬಿಸಿದೆ.